ನಾಲಿಗೆ ಏಳದ ವಕೀಲನಿಂದ ನಾಯಕತ್ವದ ಪಾಠ: ಗಾಂಧೀಜಿಯ ಆತ್ಮಕಥೆ

ಕಚೇರಿಯಲ್ಲಿ ಎಂಟು ಜನರ ತಂಡದ ಹೊಣೆ ಹೆಗಲಿಗೆ ಬಿದ್ದಾಗ, ನಾಯಕತ್ವ ಕಲಿಸುವ ನಾಲ್ಕಾರು ಕೈಪಿಡಿಗಳನ್ನು ಓದಿ ಬೇಸತ್ತು, ಕೊನೆಗೆ ಗಾಂಧೀಜಿಯವರ ಆತ್ಮಕಥೆಯ ಕನ್ನಡ ಅನುವಾದವನ್ನು ಕೊಂಡು ತಂದೆ. ಅಂಥ ಅಗತ್ಯಕ್ಕೆ ಈ ಪುಸ್ತಕ ಒದಗುತ್ತದೆಯೇ ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ದಂಡಿಯಾತ್ರೆಯನ್ನು ಹುಡುಕಿಕೊಂಡು ಹೋದವರಿಗೆ ನಿರಾಶೆಯಾಗುತ್ತದೆ. 1925ರಿಂದ 1929ರವರೆಗೆ ಗುಜರಾತಿ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಈ ಕಥನ 1920ರ ನಾಗಪುರ ಕಾಂಗ್ರೆಸ್ಸಿಗೇ ನಿಂತುಬಿಡುತ್ತದೆ. ಅಂದರೆ ಅವರು ಇಡೀ ದೇಶದ ನಾಯಕರಾಗುವ ಹೊತ್ತಿಗೆ ಪುಸ್ತಕ ಮುಗಿದಿರುತ್ತದೆ. ಅದಕ್ಕೆ ಬದಲಾಗಿ ಸಿಗುವುದು, ಮುಂಬಯಿಯ ನ್ಯಾಯಾಲಯದಲ್ಲಿ 30 ರೂಪಾಯಿಯ ಮೊದಲ ಮೊಕದ್ದಮೆಗೆ ಎದ್ದು ನಿಂತು, ತಲೆ ತಿರುಗಿ, ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತು, ಶುಲ್ಕ ಹಿಂದಿರುಗಿಸಿದ ವಕೀಲ.

ಅದೇ ಮನುಷ್ಯ 1893ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿದ್ದ ಭಾರತೀಯರನ್ನು ಸೇರಿಸಿ ತನ್ನ ಮೊದಲ ಸಾರ್ವಜನಿಕ ಭಾಷಣ ಮಾಡುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಭಾಷಣವಲ್ಲ, ಅದರ ನಂತರದ ಅರ್ಧ ಪುಟ. ಇಂಗ್ಲಿಷ್ ಕಲಿಸುತ್ತೇನೆಂದು ಸಭೆಯಲ್ಲಿ ಹೇಳಿದ ಮಾತನ್ನು ನೆಚ್ಚಿ ಬಂದವರು ಮೂವರೇ: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಲ್ಲರೆ ಅಂಗಡಿಯವ. ಗಾಂಧೀಜಿ ಅವರಿದ್ದಲ್ಲಿಗೇ ಹೋಗಿ, ಅವರು ಕೆಲಸದಲ್ಲಿ ಮುಳುಗಿದ್ದರೆ ಕಾದು, ಪಾಠ ಹೇಳುತ್ತಾರೆ. ತಂಡ ಕಟ್ಟುವುದರ ಬಗ್ಗೆ ನಾನು ಓದಿದ ಯಾವ ಕೈಪಿಡಿಯಲ್ಲೂ ಈ ಕಾಯುವಿಕೆಗೆ ಜಾಗವಿರಲಿಲ್ಲ. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿಯೂ ಅವರು ಕಾರ್ಯದರ್ಶಿಯ ಪತ್ರಗಳಿಗೆ ಉತ್ತರ ಬರೆದು, ಅವರ ಅಂಗಿಯ ಗುಂಡಿ ಹಾಕಿಕೊಟ್ಟು, ಕಕ್ಕಸನ್ನು ತಾವೇ ಶುಚಿ ಮಾಡಿಕೊಳ್ಳುತ್ತಾರೆ.

ಇನ್ನು 1919ರ ಸತ್ಯಾಗ್ರಹದಲ್ಲಿ ಹಿಂಸೆ ಭುಗಿಲೆದ್ದಾಗ, ಜನರನ್ನು ಅಣಿಗೊಳಿಸದೆ ಕರೆ ಕೊಟ್ಟದ್ದು ತಮ್ಮ ಹಿಮಾಲಯದಷ್ಟು ದೊಡ್ಡ ತಪ್ಪೆಂದು ಅವರು ಒಪ್ಪಿಕೊಳ್ಳುವ ಅಧ್ಯಾಯವಿದೆ. ಅನುಯಾಯಿಗಳನ್ನು ದೂರುವುದು ಅಲ್ಲಿ ಬಹಳ ಸುಲಭವಿತ್ತು.

ಆದರೆ ಈ ಪ್ರಾಮಾಣಿಕತೆಗೂ ಒಂದು ಮಿತಿಯಿದೆ. ದಕ್ಷಿಣ ಆಫ್ರಿಕಾದ ಡರ್ಬಾನಿನ ಮನೆಯಲ್ಲಿ, ಅತಿಥಿಯಾಗಿದ್ದ ಗುಮಾಸ್ತನ ಮೂತ್ರದ ಪಾತ್ರೆಯನ್ನು ಅಳುತ್ತಲೇ ಹೊತ್ತ ಕಸ್ತೂರಬಾ ಅವರನ್ನು, ಸಂತೋಷದಿಂದ ಹೊರಲಿಲ್ಲವೆಂದು ಕೈಹಿಡಿದು ಬಾಗಿಲಿನವರೆಗೆ ಎಳೆದುಕೊಂಡು ಹೋದ ಪ್ರಸಂಗವನ್ನು ಅವರೇ ನಾಚಿಕೆಯಿಂದ ಬರೆದಿದ್ದಾರೆ. ಆದರೂ ಆದರ್ಶ ಅವರದು, ಹೊರೆ ಇನ್ನೊಬ್ಬರದು ಎಂಬ ಕಸಿವಿಸಿ ಓದುಗನನ್ನು ಬಿಡುವುದಿಲ್ಲ. ಹೊತ್ತವರ ಮಾತು ಪುಸ್ತಕದಲ್ಲಿ ಒಂದೆರಡು ಸಾಲು ಮಾತ್ರ.

ನಾನು ಕೊಂಡ ಪ್ರತಿಯ ಅಕ್ಷರ ಸಣ್ಣದು, ಬೆನ್ನಿನ ಅಂಟು ತಿಂಗಳಲ್ಲೇ ಬಿಟ್ಟಿತು. ಅಧ್ಯಾಯಗಳು ಮೂರು ನಾಲ್ಕು ಪುಟಗಳವಾದ್ದರಿಂದ ಬಸ್ಸಿನಲ್ಲಿ ಓದಲು ಅನುಕೂಲ. ಆಹಾರ ಪ್ರಯೋಗಗಳ ಅಧ್ಯಾಯಗಳನ್ನು ನಾನು ಹಾರಿಸಿದೆ. ಹೊಸದಾಗಿ ಹೊಣೆ ಹೊತ್ತವರು ಐದು ಭಾಗಗಳಲ್ಲಿ ಎರಡನೆಯದರಿಂದಲೇ ತೊಡಗಬಹುದು. ಮುಂಬಯಿಯ ಆ ಮೊಕದ್ದಮೆಯೂ ಪ್ರಿಟೋರಿಯಾದ ಕ್ಷೌರಿಕನೂ ಅದರಲ್ಲೇ ಸಿಗುತ್ತಾರೆ.