ಎಡಗೈ ಮಾತ್ರ ತಣ್ಣಗೆ: ಹೀಟೆಡ್ ಗ್ರಿಪ್ ಹಾಕಿ ಮೂರು ಚಳಿಗಾಲ

ಮೊದಲೇ ಹೇಳಿಬಿಡುತ್ತೇನೆ, ಈ ಹೀಟೆಡ್ ಗ್ರಿಪ್, ಅಂದರೆ ಬೈಕಿನ ಹ್ಯಾಂಡಲ್‌ನಲ್ಲಿ ಕೈ ಹಿಡಿಯುವ ಜಾಗಕ್ಕೆ ಹಾಕುವ, ಕರೆಂಟಿನಿಂದ ಬಿಸಿಯಾಗುವ ರಬ್ಬರ್ ಹಿಡಿ, ನನಗೆ ತುಂಬಾ ಇಷ್ಟ. ಚಳಿಗಾಲದಲ್ಲೂ ಗಾಡಿ ಮೂಲೆಗೆ ನಿಲ್ಲಿಸದೆ ಓಡಿಸುತ್ತಿದ್ದೇನೆ ಅಂದರೆ ಅದು ಇದರಿಂದಲೇ. ಆದರೆ ಮೊದಲನೇ ಚಳಿಗಾಲ ಪೂರ್ತಿ ಇದರ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ, ಆಗಲೇ ಬರೆಯಲು ಕೂತಿದ್ದರೆ ಒಂದು ಸ್ಟಾರ್ ಕೊಡುವುದೂ ಕಷ್ಟವಿತ್ತು. ಕಾರಣ ಒಂದೇ. ಬಲಗೈ ಬೆಚ್ಚಗೆ, ಎಡಗೈ ತಣ್ಣಗೆ.

ಎಷ್ಟು ವ್ಯಾಟ್, ಎಷ್ಟು ಉದ್ದ, ಡಬ್ಬಿಯಲ್ಲಿ ಏನೇನು ಬರುತ್ತದೆ ಅನ್ನೋದೆಲ್ಲ ಮಾರುವವರ ಪುಟದಲ್ಲೇ ಇರುತ್ತದೆ, ಅದನ್ನು ಬಿಡೋಣ. ನನ್ನ ಓಡಾಟ ಹೇಗೆ ಅಂತ ಹೇಳಿದರೆ ಉಳಿದದ್ದು ಅರ್ಥವಾಗುತ್ತದೆ. ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ಹೋಗಲು ಐವತ್ತು ನಿಮಿಷ, ಬರಲು ಐವತ್ತು ನಿಮಿಷ, ಅದರಲ್ಲಿ ಅರ್ಧ ಹೆದ್ದಾರಿ. ಗಾಡಿ ಚಿಕ್ಕದು, ಮುಂದೆ ಗಾಳಿ ತಡೆಯುವ ಗಾಜು ಇಲ್ಲ. ಬ್ಯಾಟರಿ ಇರುವ ಬಿಸಿ ಗ್ಲೌಸ್ ಕೂಡ ನೋಡಿದ್ದೆ. ಬೆಲೆ ನನ್ನ ಕೈಗೆ ಎಟುಕಲಿಲ್ಲ, ಮೇಲಿಂದ ದಿನಾ ರಾತ್ರಿ ನೆನಪಿಟ್ಟು ಚಾರ್ಜ್ ಮಾಡಬೇಕು. ಗ್ರಿಪ್ ಆದರೆ ಒಂದು ಸಲ ಹಾಕಿದರೆ ಮುಗಿಯಿತು, ಅಲ್ವಾ? ಹಾಗಂದುಕೊಂಡು, ಇದ್ದದ್ದರಲ್ಲಿ ಕಡಿಮೆ ಬೆಲೆಯ ಒಂದು ಜೊತೆ ತಂದೆ.

ಚಳಿಯಲ್ಲಿ ಗಾಡಿ ಓಡಿಸದವರಿಗೆ ಗಾಳಿ ಏನು ಮಾಡುತ್ತದೆ ಅನ್ನೋದು ಹೇಳಿದರೂ ನಂಬಲು ಕಷ್ಟ. ಹೊರಗೆ 5 ಡಿಗ್ರಿ ಇರುವಾಗ 80 ಕಿಲೋಮೀಟರ್ ವೇಗದ ಗಾಳಿಗೆ ಬರಿ ಚರ್ಮ ಒಡ್ಡಿದರೆ ಅದು ಮೈನಸ್ 3ರ ಚಳಿಯಷ್ಟು ಕೊರೆಯುತ್ತದೆ. ಹೊರಗೆ 0 ಇದ್ದರೆ ಮೈನಸ್ 10ರಷ್ಟು. ಗ್ಲೌಸ್ ಸ್ವಲ್ಪ ತಡೆಯುತ್ತದೆ ನಿಜ, ಆದರೆ ಅರ್ಧ ಗಂಟೆ ಆದ ಮೇಲೆ ಅದೂ ಸೋಲುತ್ತದೆ. ನನಗೆ ಮೊದಲು ಕಿರುಬೆರಳು ಹೋಗುತ್ತದೆ, ಆಮೇಲೆ ಉಂಗುರದ ಬೆರಳು. ಉಗುರಿನ ಬುಡದಲ್ಲಿ ಹಿಂಡಿದ ಹಾಗೆ ನೋವು ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ನೋವು ನಿಂತುಹೋಗುತ್ತದೆ. ನೋವು ನಿಂತಾಗಲೇ ಭಯಪಡಬೇಕಾದ್ದು. ಬೆರಳು ಮರಗಟ್ಟಿ, ಬ್ರೇಕ್ ಲಿವರ್ ಮೇಲೆ ಎಷ್ಟು ಒತ್ತಿದ್ದೇನೆ ಅನ್ನೋದೇ ಗೊತ್ತಾಗುವುದಿಲ್ಲ. 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಬೆರಳು ಮಡಚಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿದರೂ ಬ್ರೇಕ್ ಹತ್ತುವ ಮೊದಲೇ 11 ಮೀಟರ್ ದಾಟಿರುತ್ತೀರಿ.

ಗ್ರಿಪ್ ಹಾಕಿದ ಮೊದಲ ದಿನ ಬಲಗೈಗೆ ಆದ ಸುಖ ಇವತ್ತಿಗೂ ನೆನಪಿದೆ. ಹೆಬ್ಬೆರಳಿನ ಬುಡದಲ್ಲಿ ಮೊದಲು ಬಿಸಿ ತಾಗಿತು, ಆಮೇಲೆ ಅಂಗೈ ತುಂಬಾ ಹರಡಿತು. ಹತ್ತು ನಿಮಿಷ ಹೋದರೂ ಎಡಗೈಗೆ ಮಾತ್ರ ಉಗುರು ಬೆಚ್ಚಗೂ ಆಗಲಿಲ್ಲ. ಇರೋದು ಎರಡಕ್ಕೂ ಸೇರಿ ಒಂದೇ ಬಟನ್, ಐದು ಹಂತ. ಐದಕ್ಕೆ ಇಟ್ಟರೆ ಬಲಗೈ ಉರಿಯುತ್ತಿತ್ತು, ಎಡಗೈ ಆಗ ಸುಮಾರಾಗಿ ಬೆಚ್ಚಗಿರುತ್ತಿತ್ತು. ಮೂರಕ್ಕೆ ಇಳಿಸಿದರೆ ಬಲಗೈಗೆ ಹಿತ, ಎಡಗೈಗೆ ಏನೂ ಇಲ್ಲ. ಗ್ಲೌಸ್ ಬದಲಿಸಿದೆ, ಕನೆಕ್ಷನ್ ಬಿಚ್ಚಿ ಮತ್ತೆ ಹಾಕಿದೆ, ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದೆ. ಎರಡೂ ಕಡೆ ಕರೆಂಟ್ ಸರಿಯಾಗಿಯೇ ಹೋಗುತ್ತಿತ್ತು. ಮಾರಿದವರಿಗೆ ಬರೆದೆ. "ಎಡಗಡೆ ಸ್ವಲ್ಪ ಕಡಿಮೆ ಅನಿಸುವುದು ಸಹಜ" ಅಂತ ಒಂದು ಸಾಲಿನ ಉತ್ತರ ಬಂತು. ಯಾಕೆ ಸಹಜ, ಏನು ಮಾಡಬೇಕು, ಒಂದೂ ಇಲ್ಲ.

ಎಡಗೈ ತಾನೇ, ಬ್ರೇಕ್ ಇರೋದು ಬಲಗಡೆ ಅಂತ ಅನ್ನಬೇಡಿ. ಕ್ಲಚ್ ಎಡಗಡೆ, ಇಂಡಿಕೇಟರ್ ಎಡಗಡೆ, ಹಾರ್ನ್, ಡಿಮ್-ಡಿಪ್ ಎಲ್ಲಾ ಎಡಗಡೆಯೇ. ಆ ಚಳಿಗಾಲದಲ್ಲಿ ಒಂದು ಮುಂಜಾನೆ ತಿರುವು ದಾಟಿದ ಮೇಲೆ ಇಂಡಿಕೇಟರ್ ಆಫ್ ಮಾಡಿದೆ ಅಂದುಕೊಂಡೆ. ಹೆಬ್ಬೆರಳಿಗೆ ಸ್ವಿಚ್ ಒತ್ತಿದ್ದೂ ಗೊತ್ತಾಗಿರಲಿಲ್ಲ, ಒತ್ತದಿದ್ದದ್ದೂ ಗೊತ್ತಾಗಿರಲಿಲ್ಲ. ಎಷ್ಟೋ ದೂರ ಅದು ಮಿಟುಕುತ್ತಲೇ ಇತ್ತು. ಅಡ್ಡರಸ್ತೆಯಲ್ಲಿ ಕಾಯುತ್ತಿದ್ದ ಒಂದು ಕಾರು ನಾನು ತಿರುಗುತ್ತೇನೆ ಅಂತ ನಂಬಿ ನೇರವಾಗಿ ಎದುರಿಗೇ ಬಂತು. ಇಬ್ಬರೂ ಬ್ರೇಕ್ ಹಾಕಿದೆವು, ಏನೂ ಆಗಲಿಲ್ಲ. ಆದರೆ ಅವತ್ತು ಗಾಡಿ ನಿಲ್ಲಿಸಿದ ಮೇಲೂ ಎಷ್ಟೋ ಹೊತ್ತು ಎದೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ ಈ ಎಡಗಡೆ ಗ್ರಿಪ್ ಬಗ್ಗೆ ಇಷ್ಟು ಬರೆಯುತ್ತಿರುವುದು.

ಕಾರಣ ಹುಡುಕಿಕೊಟ್ಟಿದ್ದು ನಮ್ಮ ಅಣ್ಣ. ಅವನು ಗಾಡಿ ಸ್ಟಾರ್ಟ್ ಮಾಡಿ, ಗ್ರಿಪ್ ಐದಕ್ಕೆ ಇಟ್ಟು, ಗ್ರಿಪ್ ಮುಟ್ಟಲೇ ಇಲ್ಲ. ಎಡಗಡೆ ಗ್ರಿಪ್ ಮುಗಿದು ಬರಿ ಪೈಪ್ ಕಾಣುತ್ತದಲ್ಲ, ಅಲ್ಲಿಗೆ ಬೆರಳಿಟ್ಟ. "ಇಲ್ಲಿ ಮುಟ್ಟಿ ನೋಡು" ಅಂದ. ಕಬ್ಬಿಣ ಬೆಚ್ಚಗಿತ್ತು. ಬಲಗಡೆ ಅದೇ ಜಾಗದಲ್ಲಿ ಮುಟ್ಟಿದರೆ ಮಂಜಿನಷ್ಟು ತಣ್ಣಗೆ. "ನೀನು ಕೈ ಬಿಸಿ ಮಾಡ್ತಿಲ್ಲ ಕಣೋ, ಹ್ಯಾಂಡಲ್ ಬಿಸಿ ಮಾಡ್ತಿದ್ದೀಯ" ಅಂದ.

ವಿಷಯ ಇಷ್ಟೇ. ಬಲಗಡೆ ಗ್ರಿಪ್ ಕೂರುವುದು ಆಕ್ಸಿಲರೇಟರಿನ ಪ್ಲಾಸ್ಟಿಕ್ ಕೊಳವೆಯ ಮೇಲೆ. ಪ್ಲಾಸ್ಟಿಕ್ ಬಿಸಿಯನ್ನು ಬೇಗ ಒಳಗೆ ಬಿಡುವುದಿಲ್ಲ, ಅದಕ್ಕೆ ಬಿಸಿಯೆಲ್ಲ ಹೊರಗೆ, ಅಂಗೈಗೇ ಬರುತ್ತದೆ. ಎಡಗಡೆ ಗ್ರಿಪ್ ನೇರವಾಗಿ ಲೋಹದ ಪೈಪ್ ಮೇಲೆ ಕೂತಿರುತ್ತದೆ. ಆ ಪೈಪ್ ಗಾಡಿಯ ಮಧ್ಯದವರೆಗೂ ಹೋಗಿದೆ, ಅದಕ್ಕೆ ಸದಾ ತಣ್ಣನೆ ಗಾಳಿ ಬಡಿಯುತ್ತಿರುತ್ತದೆ. ಗ್ರಿಪ್‌ನಿಂದ ಬಂದ ಬಿಸಿಯನ್ನೆಲ್ಲ ಅದು ಎಳೆದುಕೊಂಡು ಗಾಳಿಗೆ ಬಿಟ್ಟುಬಿಡುತ್ತದೆ. ಕೆಲವರು ತಯಾರು ಮಾಡುವಾಗಲೇ ಎಡಗಡೆಗೆ ಬಿಸಿ ಜಾಸ್ತಿ ಬರುವ ಹಾಗೆ ತಂತಿ ಸುತ್ತಿರುತ್ತಾರೆ. ನಾನು ತಂದಿದ್ದರಲ್ಲಿ ಅದಿಲ್ಲ. ಕೊಳ್ಳುವ ಮೊದಲು ಇದೊಂದನ್ನು ಕೇಳಿ, ಬಾಕಿ ಎಲ್ಲ ಆಮೇಲೆ.

ಪರಿಹಾರ ಸುಲಭದ್ದೇ. ಬಿಸಿ ಪೈಪಿಗೆ ಹೋಗದ ಹಾಗೆ ಅದರ ಮೇಲೆ ತೆಳುವಾದ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಒಂದು ಪದರ ಹಾಕಿ, ಬಿಸಿ ಗಾಳಿಯಿಂದ ಕುಗ್ಗಿಸಿ, ಅದರ ಮೇಲೆ ಗ್ರಿಪ್ ಕೂರಿಸಬೇಕು. ಎರಡು ಪದರ ಹಾಕಲು ಹೋಗಬೇಡಿ. ಹೆಚ್ಚಿನ ಗಾಡಿಗಳ ಪೈಪ್ 22 ಮಿಲಿಮೀಟರ್ ದಪ್ಪ, ಗ್ರಿಪ್‌ನ ತೂತೂ ಅಷ್ಟಕ್ಕೇ ಮಾಡಿರುತ್ತಾರೆ, ದಪ್ಪವಾದರೆ ಒಳಗೇ ಹೋಗುವುದಿಲ್ಲ. ಆದರೆ ಹಳೇ ಗ್ರಿಪ್ ತೆಗೆಯುವುದೇ ನನಗೆ ದೊಡ್ಡ ಕೆಲಸವಾಯಿತು. ಅಂಟು ಹಾಕಿ ಕೂರಿಸಿದ್ದೆ, ಅದು ಕಲ್ಲಿನ ಹಾಗೆ ಹಿಡಿದಿತ್ತು. ಪೂರ್ತಿ ಬಿಸಿ ಮಾಡಿ ಮೆಲ್ಲಗೆ ತಿರುವಿ ನೋಡಿದೆವು, ಸಂದಿಯಲ್ಲಿ ಸೋಪಿನ ನೀರು ಬಿಟ್ಟು ನೋಡಿದೆವು. ಕೊನೆಗೆ ಬ್ಲೇಡ್ ತಗೊಂಡು ಸೀಳಬೇಕಾಯಿತು. ಒಳಗಿನ ಸಣ್ಣ ತಂತಿಗಳು ಕೂದಲಿನ ಹಾಗೆ ಹೊರಗೆ ಬಂದವು.

ನಿಜವಾಗಿ ಬೇಜಾರಾಗಿದ್ದು ಇದಾದ ಮೇಲೆ. ಎಡಗಡೆದು ಒಂದೇ ಮಾರುವುದಿಲ್ಲವಂತೆ, ಜೊತೆಯನ್ನೇ ತಗೋಬೇಕಂತೆ. ಹೊಸ ಗ್ಲೌಸಿಗೆ ಅಂತ ತೆಗೆದಿಟ್ಟಿದ್ದ ದುಡ್ಡು ಪೂರ್ತಿ ಅದಕ್ಕೆ ಹೋಯಿತು. ಎಡಗಡೆದು ಹಾಕಿಕೊಂಡೆ, ಬಲಗಡೆದು ಸುಮ್ನೆ ಕಪಾಟಿನಲ್ಲಿ ಕೂತಿತು. ಆ ಕಪಾಟು ತೆಗೆದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಆದರೆ ಎರಡನೇ ಚಳಿಗಾಲದ ಮೊದಲ ಮುಂಜಾನೆ ಮೂರಕ್ಕಿಟ್ಟು ಹೊರಟಾಗ ಎರಡೂ ಕೈ ಹೆಚ್ಚುಕಡಿಮೆ ಸಮನಾಗಿ ಬೆಚ್ಚಗಾದವು. ಈಗಲೂ ಎಡಗಡೆ ಒಂದು ನಿಮಿಷ ತಡ, ಅಷ್ಟೇ. ಅದು ನನಗೆ ಲೆಕ್ಕಕ್ಕಿಲ್ಲ. ಅವತ್ತಿನಿಂದ ನಾನು ಇದರ ಕಡೆಯವನೇ.

ಗ್ಲೌಸಿನ ದುಡ್ಡು ಹೋಗಿದ್ದೂ ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ನಾನು ತಗೋಬೇಕು ಅಂದುಕೊಂಡಿದ್ದು ದಪ್ಪನೆಯ ಚಳಿಗಾಲದ ಗ್ಲೌಸ್. ಅಂಗೈ ಕಡೆ ದಪ್ಪ ಇದ್ದರೆ ಗಾಳಿ ತಡೆದ ಹಾಗೆಯೇ ಗ್ರಿಪ್‌ನ ಬಿಸಿಯನ್ನೂ ತಡೆಯುತ್ತದೆ. ಹಳೇ ಗ್ಲೌಸ್‌ನಲ್ಲಿ ಅಂಗೈ ತೆಳು, ಮೇಲ್ಭಾಗ ದಪ್ಪ. ಗ್ರಿಪ್ ಜೊತೆ ಅದೇ ಸರಿಯಾದದ್ದು. ಗ್ರಿಪ್ ಬಿಸಿ ಮಾಡುವುದು ಅಂಗೈಯನ್ನು ಮಾತ್ರ. ಕೈಯ ಮೇಲ್ಭಾಗಕ್ಕೆ, ಲಿವರ್ ಮೇಲಿರುವ ಬೆರಳ ತುದಿಗೆ ಗಾಳಿ ಹೊಡೆಯುತ್ತಲೇ ಇರುತ್ತದೆ. ಅದಕ್ಕೆ ಲಿವರ್ ಮುಂದೆ ಹಾಕುವ ಪ್ಲಾಸ್ಟಿಕ್ ಹ್ಯಾಂಡ್ ಗಾರ್ಡ್ ಬೇಕೇ ಬೇಕು. ನೋಡಲು ಚೆನ್ನಾಗಿಲ್ಲ ಅಂತ ನಾನು ಒಂದು ವರ್ಷ ತಳ್ಳಿದ್ದೆ, ತಳ್ಳಬಾರದಿತ್ತು. ಇನ್ನೊಂದು ಮಾತು, ಎದೆ ಬೆಚ್ಚಗಿಲ್ಲದಿದ್ದರೆ ಯಾವ ಗ್ರಿಪ್ ಹಾಕಿದರೂ ಅಷ್ಟಕ್ಕಷ್ಟೇ. ಮೈ ತಣ್ಣಗಾದರೆ ದೇಹ ಬೆರಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಒಳಗಿನ ಅಂಗಗಳನ್ನು ಬೆಚ್ಚಗಿಡಲು ನೋಡುತ್ತದೆ. ಜಾಕೆಟ್ ಒಳಗೆ ಇನ್ನೊಂದು ಪದರ ಹಾಕಿಕೊಂಡ ದಿನ ಗ್ರಿಪ್ ಎರಡನೇ ಹಂತವೇ ಸಾಕಾಗುತ್ತದೆ.

ಬ್ಯಾಟರಿ ವಿಷಯಕ್ಕೆ ಬರುತ್ತೇನೆ, ಇದು ನನ್ನದೇ ತಪ್ಪು. ಮೊದಲ ಸಲ ವೈರ್ ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದೆ. ಕಡಿಮೆ ಬೆಲೆಯದ್ದಾದ್ದರಿಂದ ತಾನಾಗಿ ಆಫ್ ಆಗುವ ಸೌಲಭ್ಯ ಇದರಲ್ಲಿಲ್ಲ. ಒಂದು ದಿನ ಆಫ್ ಮಾಡಲು ಮರೆತು ಕೆಲಸಕ್ಕೆ ಹೋದೆ. ಗ್ರಿಪ್ ಪೂರ್ತಿ ಇಟ್ಟರೆ ಸುಮಾರು 4 ಆಂಪಿಯರ್ ಎಳೆಯುತ್ತದೆ. ಚಿಕ್ಕ ಗಾಡಿಯ ಬ್ಯಾಟರಿ 8-9 ಆಂಪಿಯರ್ ಅವರ್, ಅಂದರೆ ಎರಡು ಗಂಟೆಗೆ ಖಾಲಿ. ಚಳಿಯಲ್ಲಿ ಅದರ ಶಕ್ತಿ ಇನ್ನೂ ಕಡಿಮೆ, 0 ಡಿಗ್ರಿಯಲ್ಲಿ ಮಾಮೂಲಿಗಿಂತ ಐದನೇ ಒಂದು ಭಾಗ ಕಡಿಮೆ ಕೊಡುತ್ತದೆ. ಸಂಜೆ ಸೆಲ್ಫ್ ಒತ್ತಿದರೆ ಟಕ್ ಟಕ್ ಅಷ್ಟೇ. ಆಮೇಲೆ ಅಣ್ಣ ಒಂದು ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್) ಹಾಕಿ, ಕೀ ತೆಗೆದರೆ ಗ್ರಿಪ್ ಕೂಡ ಆಫ್ ಆಗುವ ಹಾಗೆ ಮಾಡಿಕೊಟ್ಟ. ಫ್ಯೂಸ್ ಮಾತ್ರ ಮರೆಯಬೇಡಿ, ಅದೂ ಬ್ಯಾಟರಿಯ ಹತ್ತಿರವೇ ಇರಲಿ. ಗಾಡಿ ನಿಂತಲ್ಲೇ ಓಡುತ್ತಿರುವಾಗ ಪೂರ್ತಿ ಇಟ್ಟರೆ ನನ್ನ ಗಾಡಿಯಲ್ಲಿ ವೋಲ್ಟೇಜ್ 12.4ಕ್ಕೆ ಇಳಿಯುತ್ತದೆ, ಅಂದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಓಡುವಾಗ 13.8ಕ್ಕೆ ಏರುತ್ತದೆ. ಅದಕ್ಕೆ ಸಿಗ್ನಲ್‌ನಲ್ಲಿ ಒಂದಕ್ಕೆ ಇಳಿಸುವುದು ಈಗ ಅಭ್ಯಾಸವಾಗಿಬಿಟ್ಟಿದೆ.

ಈಗ ಬೆಳಗಿನ ಕೆಲಸ ಹೀಗೆ. ಕವರ್ ತೆಗೆದು ಕೊಡವುತ್ತೇನೆ, ಸೀಟಿನ ಮೇಲಿನ ಇಬ್ಬನಿ ಒರೆಸುತ್ತೇನೆ. ವಾರಕ್ಕೊಮ್ಮೆ ಟೈರಿನ ಗಾಳಿ ನೋಡುತ್ತೇನೆ, ತಾಪಮಾನ 10 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಒಂದೂವರೆ ಪಿಎಸ್‌ಐ ತಾನಾಗಿ ಇಳಿದಿರುತ್ತದೆ. ಗಾಡಿ ಸ್ಟಾರ್ಟ್ ಮಾಡಿ, ಶಬ್ದ ಸ್ವಲ್ಪ ಹದಕ್ಕೆ ಬಂದ ಮೇಲೆ ಗ್ರಿಪ್ ಬಟನ್ ಒತ್ತುತ್ತೇನೆ. ಆಮೇಲೆ ಕುತ್ತಿಗೆಗೆ ಬಟ್ಟೆ, ಹೆಲ್ಮೆಟ್, ಕೊನೆಗೆ ಗ್ಲೌಸ್. ಗ್ಲೌಸ್ ಹಾಕುವ ಮೊದಲು ಬರಿಗೈಯಲ್ಲಿ ಎರಡೂ ಗ್ರಿಪ್ ಒಂದು ಸಲ ಹಿಡಿಯುತ್ತೇನೆ. ಯಾವಾಗಲೂ ಎಡಗಡೆದು ಮೊದಲು. ಕತ್ತಲಲ್ಲಿ, ಉಸಿರು ಹೊಗೆಯ ಹಾಗೆ ಹೋಗುತ್ತಿರುವಾಗ, ಆ ರಬ್ಬರ್ ಮೆಲ್ಲಗೆ ಬೆಚ್ಚಗಾಗುತ್ತಿರುವುದು ಕೈಗೆ ಗೊತ್ತಾಗುತ್ತದೆ. ಇಡೀ ದಿನದಲ್ಲಿ ನನಗೆ ಅದಕ್ಕಿಂತ ಖುಷಿ ಕೊಡುವ ಗಳಿಗೆ ಇನ್ನೊಂದಿಲ್ಲ.

ಮಳೆಯಲ್ಲೂ ಇಷ್ಟು ಉಪಯೋಗ ಅಂತ ಗೊತ್ತಿರಲಿಲ್ಲ. ಗ್ಲೌಸ್ ನೆನೆದರೆ ಎರಡಕ್ಕೆ ಇಟ್ಟು ಓಡಿಸಿ, ಒಣಗದಿದ್ದರೂ ಕೈ ಮರಗಟ್ಟುವುದಿಲ್ಲ. ಒಂದೇ ಎಚ್ಚರ, ಕೈ ಬೆಚ್ಚಗಿದೆ ಅಂತ ರಸ್ತೆಯೂ ಬೆಚ್ಚಗಿರುವುದಿಲ್ಲ. ಟೈರ್ ತಣ್ಣಗಿರುತ್ತದೆ, ಸೇತುವೆಯ ಕೆಳಗೂ ಗಾಳಿ ಓಡಾಡುವುದರಿಂದ ಬೇರೆ ರಸ್ತೆಗಿಂತ ಮೊದಲು ಸೇತುವೆಯ ಮೇಲೆಯೇ ನೀರು ಹೆಪ್ಪುಗಟ್ಟುತ್ತದೆ. ಮೊದಲೆಲ್ಲ ಕೈ ನೋವಿಗೇ ಹೆದರಿ ನಿಧಾನಕ್ಕೆ ಹೋಗುತ್ತಿದ್ದೆ, ಈಗ ನೆನಪಿಟ್ಟುಕೊಂಡು ನಿಧಾನ ಮಾಡಬೇಕು.

ಮೂರನೇ ಚಳಿಗಾಲದಲ್ಲಿ, ಅಂದರೆ ಈ ಸಲ, ಬಲಗಡೆ ಗ್ರಿಪ್ ಇದ್ದಕ್ಕಿದ್ದ ಹಾಗೆ ಸತ್ತುಹೋಯಿತು. ಆಕ್ಸಿಲರೇಟರ್ ತಿರುವಿದಾಗಲೆಲ್ಲ ಅದರ ವೈರ್ ಕೂಡ ತಿರುಗುತ್ತದೆ. ನಾನು ಅಲ್ಲಿ ಸಡಿಲ ಬಿಟ್ಟಿರಲಿಲ್ಲ, ಬಿಗಿಯಾಗಿ ಕಟ್ಟಿದ್ದೆ. ಗ್ರಿಪ್ ಬುಡದಲ್ಲಿ ವೈರ್ ಒಳಗೇ ತುಂಡಾಗಿತ್ತು. ಕಪಾಟಿನಲ್ಲಿದ್ದ ಆ ಬಲಗಡೆ ಗ್ರಿಪ್ ತೆಗೆದು ಅವತ್ತೇ ಹಾಕಿದೆ. ಈ ಸಲ ವೈರನ್ನು ಒಂದು ಸುತ್ತು ಸಡಿಲ ಬಿಟ್ಟೆ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಬಿಟ್ಟರೆ ಟಪ್ ಅಂತ ವಾಪಸ್ ಬರುತ್ತದಾ ಅಂತ ಹತ್ತು ಸಲ ನೋಡಿದೆ. ವಾಪಸ್ ಬರದಿದ್ದರೆ ಓಡಿಸಲೇಬೇಡಿ.

ದಿನಾ ಅರ್ಧ ಗಂಟೆಗಿಂತ ಜಾಸ್ತಿ ಚಳಿಯಲ್ಲಿ ಓಡಿಸುವವರು, ಸ್ವಲ್ಪ ಕೈಕೆಲಸ ಬರುವವರು ಧೈರ್ಯವಾಗಿ ತಗೊಳ್ಳಿ, ಟ್ಯೂಬನ್ನು ಮೊದಲ ದಿನವೇ ಹಾಕಿ. ಹತ್ತು ನಿಮಿಷದ ದಾರಿಗೆ ಹ್ಯಾಂಡ್ ಗಾರ್ಡ್ ಒಂದೇ ಸಾಕು. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಹೋದ ಒಂದು, ಎಡಗಡೆದು ಒಂದೇ ಸಿಗಲ್ಲ ಅನ್ನೋದಕ್ಕೆ. ಬಿಡಿಯಾಗಿ ಮಾರಿ ಅಂತ ಎರಡು ಸಲ ಬರೆದಿದ್ದೇನೆ, ಉತ್ತರ ಬಂದರೆ ಇಲ್ಲೇ ಸೇರಿಸುತ್ತೇನೆ.