ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಎಸ್‌ಯುವಿ: ಆರು ವರ್ಷಗಳ ಬಳಕೆಯ ನಂತರ

ನಾನು ಕೊಂಡಾಗ ಈ ಡೀಸೆಲ್ ಎಸ್‌ಯುವಿ 1,10,000 ಕಿ.ಮೀ. ಓಡಿತ್ತು, ಈಗ 1,74,000 ದಾಟಿದೆ. ಹೊತ್ತಿಗೆ ಸರಿಯಾಗಿ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ್ದರಿಂದ ಎಂಜಿನ್ ಒಮ್ಮೆಯೂ ಕೈಕೊಟ್ಟಿಲ್ಲ. ತೊಂದರೆ ಬಂದದ್ದೆಲ್ಲ ಹಿಂದಿನ ಮಾಲೀಕರು ಬಳಸದೆ ಬಿಟ್ಟಿದ್ದ ಭಾಗದಿಂದ, ಅಂದರೆ ಫೋರ್ ವೀಲ್ ಡ್ರೈವ್ ವ್ಯವಸ್ಥೆಯಿಂದಲೇ.

ಅವರು ಅದನ್ನು ಡಾಂಬರು ರಸ್ತೆ ಬಿಟ್ಟು ಇಳಿಸಿರಲಿಲ್ಲ, ಅದನ್ನೇ ನಾನು ದೊಡ್ಡ ಗುಣವೆಂದು ನಂಬಿದ್ದೆ. ಆದರೆ ಮೊದಲ ಮಳೆಗಾಲದಲ್ಲಿ ಕೆಸರಿನಲ್ಲಿ ಸಿಕ್ಕಿಕೊಂಡು ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ ಚಕ್ರಗಳಿಗೂ ಹಂಚುವ ಗೇರ್ ಪೆಟ್ಟಿಗೆ) ಲಿವರ್ ಎಳೆದಾಗ ಅದು ಅಲುಗಲೇ ಇಲ್ಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿದ್ದ ಲಿವರಿನ ಕೀಲುಗಳು ತುಕ್ಕು ಹಿಡಿದು ಬಿಗಿದುಕೊಂಡಿದ್ದವು. ಅವುಗಳನ್ನು ಬಿಡಿಸಿದ ದಿನವೇ ಮುಂದಿನ ಡಿಫರೆನ್ಷಿಯಲ್‌ನ (ತಿರುವಿನಲ್ಲಿ ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ತೆಗೆಸಿದೆ. ಕೆಳಗಿಟ್ಟ ತಟ್ಟೆಗೆ ಸುರಿದದ್ದು ಹಾಲು ಬೆರೆತಂತೆ ಬೆಳ್ಳಗಾಗಿದ್ದ ಆಯಿಲ್. ನೀರು ಒಳಗೆ ಹೋದದ್ದು ಹೇಗೆಂದು ನೋಡಿದರೆ, ಆಕ್ಸಲ್ ಮೇಲಿನ ಬ್ರೀದರ್ ಕೊಳವೆ, ಅಂದರೆ ಒಳಗಿನ ಗಾಳಿ ಬಂದುಹೋಗುವ ಸಣ್ಣ ನಳಿಕೆ, ಮಣ್ಣಿನಿಂದ ಕಟ್ಟಿಕೊಂಡಿತ್ತು. ಓಡಿ ಬಿಸಿಯಾದ ಡಿಫರೆನ್ಷಿಯಲ್ ನೀರಿಗಿಳಿದು ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಬರುವ ದಾರಿ ಮುಚ್ಚಿದ್ದರೆ ಆಯಿಲ್ ಸೀಲಿನ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಅಂಗೈ ಅಗಲದ ಕೊಳವೆಯ ತುಂಡಿನ ಅಲಕ್ಷ್ಯದಿಂದ ಎರಡು ಬೇರಿಂಗ್‌ಗಳು ಹೋದವು.

ಎರಡನೆಯ ಪಾಠ ನನ್ನದೇ ತಪ್ಪಿನಿಂದ ಬಂತು. ಈ ವಾಹನದಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ವೇಗದ ವ್ಯತ್ಯಾಸಕ್ಕೆ ಅವಕಾಶ ಕೊಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲ, ಹಾಗಾಗಿ 4ಎಚ್ (ಸಾಮಾನ್ಯ ಗೇರ್ ವೇಗದಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ) ಹಾಕಿದರೆ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಸಡಿಲ ಮಣ್ಣಿನಲ್ಲಿ ಟೈರ್ ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸಿದರೆ, ಒಣ ಡಾಂಬರಿನ ಮೇಲೆ ಆ ಬಿಗಿತವೆಲ್ಲ ಶಾಫ್ಟ್ ಮತ್ತು ಗೇರುಗಳ ಮೇಲೆ ಬೀಳುತ್ತದೆ. ಮಳೆ ನಿಂತು ರಸ್ತೆ ಒಣಗಿದ ಮೇಲೂ ನಾನು ಎರಡೇ ಚಕ್ರಗಳಿಗೆ ಶಕ್ತಿ ಕೊಡುವ 2ಎಚ್‌ಗೆ ಮರಳಲು ಮರೆತಿದ್ದೆ. ಸ್ಟೀರಿಂಗ್ ಭಾರವಾಯಿತು, ತಿರುಗಿಸುವಾಗ ಗಾಡಿ ಜಗ್ಗಿತು, ಲಿವರ್ ಬಿಗಿಯಾಯಿತು. ನೇರವಾಗಿ ಕೆಲವು ಮೀಟರ್ ರಿವರ್ಸ್ ಹೋದ ಮೇಲಷ್ಟೇ ಅದು ಸಡಿಲವಾಯಿತು. 1970ರಲ್ಲಿ ಬಂದ ರೇಂಜ್ ರೋವರ್‌ನಂತೆ ಸದಾ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಗಾಡಿಗಳಲ್ಲಿ ಸೆಂಟರ್ ಡಿಫರೆನ್ಷಿಯಲ್ ಇರುವುದು ಇದೇ ಕಾರಣಕ್ಕೆ. ಇದೇ ತರ್ಕದಿಂದ ನಾಲ್ಕೂ ಟೈರುಗಳು ಒಂದೇ ಅಳತೆ, ಒಂದೇ ಸವೆತದಲ್ಲಿರಬೇಕು. ಎರಡು ಹೊಸದು ಎರಡು ಹಳೆಯದು ಎಂಬ ಉಳಿತಾಯ ಇಲ್ಲಿ ಸಲ್ಲದು.

ಇಷ್ಟಾದರೂ ಈ ಗಾಡಿಯನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ, ಅದಕ್ಕೆ ಮುಖ್ಯ ಕಾರಣ 4ಎಲ್, ಅಂದರೆ ನಾಲ್ಕೂ ಚಕ್ರಗಳನ್ನು ನಿಧಾನವಾಗಿ, ಹೆಚ್ಚು ಬಲದಿಂದ ತಿರುಗಿಸುವ ಕೆಳ ಗೇರ್ ಶ್ರೇಣಿ. ಜಲ್ಲಿ ತುಂಬಿದ ಕಡಿದಾದ ಇಳಿಜಾರಿನಲ್ಲಿ ಒಂದನೇ ಗೇರ್ ಹಾಕಿ ಬ್ರೇಕಿನಿಂದ ಕಾಲು ತೆಗೆದರೆ, ನಡೆಯುವ ವೇಗದಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಚಕ್ರಗಳು ಲಾಕ್ ಆಗಿ ಜಾರುವ ಭಯವಿಲ್ಲ. ಆದರೆ ಸಮತಟ್ಟಾದ ಒದ್ದೆ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್‌ನಿಂದ ಹೊರಡುವುದು ಸುಲಭವಾಗುತ್ತದೆಯೇ ಹೊರತು, ನಿಲ್ಲಲು ಬೇಕಾದ ದೂರ ಕಡಿಮೆಯಾಗುವುದಿಲ್ಲ. ಹೊಸದಾಗಿ ಕೊಂಡವರು ಇದನ್ನು ಮರೆಯಬಾರದು ಎಂಬುದು ನನ್ನ ಕಳಕಳಿ.

ಹೆದ್ದಾರಿಯಲ್ಲಿ ಲೀಟರಿಗೆ 11 ಕಿ.ಮೀ. ಸಿಗುತ್ತದೆ. ಸಸ್ಪೆನ್ಷನ್ ಬುಷ್‌ಗಳನ್ನು ಒಮ್ಮೆ ಪೂರ್ತಿ ಬದಲಿಸಿದ್ದೇನೆ.

ಕೊಳ್ಳುವವರು ಮಣ್ಣಿನ ಜಾಗಕ್ಕೆ ಗಾಡಿಯನ್ನು ಒಯ್ದು 4ಎಚ್‌ನಲ್ಲಿ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, 4ಎಲ್ ಹಾಕಿ ನೋಡಲಿ. ನಂತರ ಕೆಳಗೆ ಮಲಗಿ ಟಾರ್ಚ್ ಬೆಳಕಿನಲ್ಲಿ ಚಾಸಿಯ ತುಕ್ಕು, ಸೀಲುಗಳ ಜಿನುಗು ಪರೀಕ್ಷಿಸಲಿ. ಬಣ್ಣದ ಹೊಳಪು ನೋಡುವುದು ಆಮೇಲೆ. ನಾನೀಗ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹತ್ತು ಕಿ.ಮೀ. 4ಎಚ್‌ನಲ್ಲಿ ಓಡಿಸುತ್ತೇನೆ. ಕಳೆದ ಬಾರಿ ಬದಲಿಸಿದಾಗ ಡಿಫರೆನ್ಷಿಯಲ್ ಆಯಿಲ್ ತಿಳಿಯಾಗಿಯೇ ಇಳಿಯಿತು. ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಮಾತ್ರ ಸಣ್ಣಗೆ ಟಕ್ ಎನ್ನತೊಡಗಿದೆ; ಈ ವಾರ ಅದನ್ನು ಬಿಚ್ಚಿಸಬೇಕಾಗಿದೆ.