ಎಡ ಹೆಡ್‌ಲೈಟ್ ಮಂಕಾದಾಗ: ಶಿವಮೊಗ್ಗ ಆಟೋ ಕಾಂಪ್ಲೆಕ್ಸಿನ ಒಂದು ಎಲೆಕ್ಟ್ರಿಷಿಯನ್ ಅಂಗಡಿ

ತೀರ್ಥಹಳ್ಳಿಯಿಂದ ಉಡುಪಿಗೆ ತಿಂಗಳಿಗೆ ಎರಡು ಬಾರಿಯಾದರೂ ಹೋಗಿ ಬರುವ ನನ್ನ 11 ವರ್ಷದ ಸಣ್ಣ ಕಾರಿನ ಎಡ ಹೆಡ್‌ಲೈಟ್, ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬಲಗಡೆಯದಕ್ಕಿಂತ ಮಂಕಾಗಿ, ಹಳದಿಗೆ ತಿರುಗಿ ಉರಿಯಲಾರಂಭಿಸಿತು. ಊರೊಳಗಿನ ಬೀದಿದೀಪಗಳ ನಡುವೆ ಇದು ಗಮನಕ್ಕೆ ಬರುವಂಥದ್ದಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ರಾತ್ರಿ ಇಳಿಯುವಾಗ ಮಾತ್ರ ರಸ್ತೆಯ ಎಡ ಅಂಚು ಎಲ್ಲಿ ಮುಗಿದು ಚರಂಡಿ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯದಾಯಿತು. ಒಮ್ಮೆ ಎದುರಿನಿಂದ ಏರಿ ಬರುತ್ತಿದ್ದ ಬಸ್ಸಿನವರು ದೂರದಿಂದ ಒಂದೇ ದೀಪ ಕಂಡು, ಬೈಕ್ ತಾನೇ, ಪಕ್ಕಕ್ಕೆ ಸರಿಯುತ್ತದೆ ಎಂದುಕೊಂಡರೋ ಏನೋ, ತಿರುವಿನ ನಡುಮಧ್ಯಕ್ಕೇ ಬಂದುಬಿಟ್ಟರು. ಮರುದಿನವೇ ರಿಪೇರಿಗೆ ಹೊರಟೆ.

ಮೊದಲು ಹೋದ ಗ್ಯಾರೇಜಿನಲ್ಲಿ ಎರಡೂ ಬಲ್ಬುಗಳನ್ನು ಬದಲಾಯಿಸಿದರು. ಹೊಸ ಬಲ್ಬುಗಳೂ ಹಳೆಯವುಗಳಂತೆಯೇ ಉರಿದವು: ಬಲಕ್ಕೆ ಬೆಳಕು, ಎಡಕ್ಕೆ ಮಂಕು. ಎರಡನೆಯ ಗ್ಯಾರೇಜಿನವರು ಬಲ್ಬಿನ ಕನೆಕ್ಟರನ್ನು ಕಳಚಿ, ಅದರೊಳಗೆ ಮೀಟರಿನ ಕಡ್ಡಿಗಳನ್ನು ಇಟ್ಟು, 13.8 ವೋಲ್ಟ್ ಎಂದು ನನಗೇ ತೋರಿಸಿದರು. ಕರೆಂಟು ಸರಿಯಾಗಿಯೇ ಬರುತ್ತಿದೆ, ಒಳಗಿನ ರಿಫ್ಲೆಕ್ಟರ್ ಹೋಗಿರಬೇಕು, ಆದ್ದರಿಂದ ಇಡೀ ಹೆಡ್‌ಲೈಟನ್ನೇ ಬದಲಾಯಿಸುವುದು ಒಳ್ಳೆಯದು ಎಂಬುದು ಅವರ ಅಭಿಪ್ರಾಯವಾಗಿತ್ತು. ಮೀಟರಿನ ಅಂಕಿಯನ್ನು ಕಣ್ಣಾರೆ ಕಂಡ ಮೇಲೆ ಎದುರಾಡಲು ನನ್ನಲ್ಲಿ ಮಾತಿರಲಿಲ್ಲ. ಆದರೂ ಸಾವಿರಾರು ರೂಪಾಯಿಯ ಬಾಬತ್ತಾದ್ದರಿಂದ ಇನ್ನೊಬ್ಬರನ್ನು ಕೇಳೋಣವೆಂದು ಶಿವಮೊಗ್ಗಕ್ಕೆ ಹೋದೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಳ ಸಾಲಿನಲ್ಲಿರುವ ಈ ಅಂಗಡಿ ಒಂದು ಕಾರು ನಿಲ್ಲುವಷ್ಟೇ ಅಗಲವಿದೆ. ಈಗಲೇ ಗಾಡಿಗಳ ಸಾಲು ಉದ್ದವಾಗಿದೆ, ಹೆಸರು ಹಾಕಬೇಡಿ ಎಂದು ಮಾಲೀಕರೇ ಹೇಳಿದ್ದರಿಂದ ಹೆಸರನ್ನು ಬರೆಯುತ್ತಿಲ್ಲ. ಸುಮಾರು ಅರವತ್ತರ ಆಸುಪಾಸಿನ ಅವರು ಬಾನೆಟ್ ಎತ್ತುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಎಡಗಡೆ ಇಂಡಿಕೇಟರ್ ಹಾಕಿದಾಗ ಲೈಟು ಏನಾಗ್ತದೆ ಸಾರ್?" ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಹಾಕಿ ನೋಡಿದರೆ, ಇಂಡಿಕೇಟರ್ ಹೊತ್ತಿದಾಗಲೆಲ್ಲ ಎಡ ಹೆಡ್‌ಲೈಟ್ ಇನ್ನಷ್ಟು ಕುಗ್ಗಿ, ಅದು ಆರಿದಾಗ ಮತ್ತೆ ಏರುತ್ತ, ಟಿಕ್ ಟಿಕ್ ಸದ್ದಿಗೆ ತಾಳ ಹಾಕಿದಂತೆ ಉಸಿರಾಡುತ್ತಿತ್ತು. ಅವರು ತಲೆಯಾಡಿಸಿ ಮೀಟರ್ ತರಲು ಒಳಗೆ ಹೋದರು.

ಈ ಅಂಗಡಿಯ ಬಗ್ಗೆ ಬರೆಯಬೇಕೆನಿಸಿದ್ದು ಅವರು ಅಳೆದ ರೀತಿಗಾಗಿ. ಹಿಂದಿನವರಂತೆ ಅವರು ಕನೆಕ್ಟರನ್ನು ಕಳಚಲಿಲ್ಲ. ಎಂಜಿನ್ ಚಾಲೂ ಇಟ್ಟು, ಬಲ್ಬು ಉರಿಯುತ್ತಿರುವಾಗಲೇ, ಹೋಲ್ಡರಿನ ಹಿಂಬದಿಯಿಂದ ತೆಳುವಾದ ಪಿನ್ನುಗಳನ್ನು ತೂರಿಸಿ ಓದಿದರು. ಬ್ಯಾಟರಿಯಲ್ಲಿ 13.9, ಬಲ ಬಲ್ಬಿನ ಮೇಲೆ 13.3, ಎಡ ಬಲ್ಬಿನ ಮೇಲೆ ಕೇವಲ 11.3 ವೋಲ್ಟ್. ಕನೆಕ್ಟರ್ ಕಳಚಿದಾಗ ವೈರಿನಲ್ಲಿ ಕರೆಂಟು ಹರಿಯುವುದೇ ಇಲ್ಲವಾದ್ದರಿಂದ ಎಂಥ ಕೆಟ್ಟ ಜೋಡಣೆಯ ಮೂಲಕವೂ ಮೀಟರ್ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. 55 ವ್ಯಾಟಿನ ಬಲ್ಬು ನಾಲ್ಕೂವರೆ ಆಂಪಿಯರಿನಷ್ಟು ಎಳೆಯತೊಡಗಿದಾಗ ಮಾತ್ರ ಆ ಜೋಡಣೆಯ ನಿಜರೂಪ ಹೊರಬರುತ್ತದೆ. ಎರಡನೆಯ ಗ್ಯಾರೇಜಿನ 13.8 ಸುಳ್ಳು ಅಂಕಿಯಾಗಿರಲಿಲ್ಲ, ಅಳೆದ ಸಂದರ್ಭ ತಪ್ಪಾಗಿತ್ತು.

ಆಮೇಲೆ ಅವರು ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಕೆಂಪು ಕಡ್ಡಿಯನ್ನು ಎಡ ಬಲ್ಬಿನ ಅರ್ತ್ ಪಿನ್ನಿಗೂ, ಅಂದರೆ ಕರೆಂಟು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ವಾಪಸಾಗುವ ಕಡೆಯ ಪಿನ್ನಿಗೂ, ಇಟ್ಟರು. ಎರಡೂ ಒಂದೇ ಅರ್ತಿಗೆ ಸೇರಿದ ತುದಿಗಳಾದ್ದರಿಂದ ಅಲ್ಲಿ ಹೆಚ್ಚೆಂದರೆ 0.1 ಅಥವಾ 0.2 ಬರಬೇಕು. ಬಂದದ್ದು 2.1. "ಬಲ್ಬಿಗೆ ಎರಡು ದಾರಿ ಸಾರ್. ಎಲ್ಲರೂ ಕರೆಂಟು ಬರೋ ದಾರಿ ನೋಡ್ತಾರೆ, ವಾಪಸ್ ಹೋಗೋ ದಾರಿ ಯಾರೂ ನೋಡಲ್ಲ" ಎನ್ನುತ್ತಲೇ ಒಂದು ತುಂಡು ವೈರನ್ನು ನೆಗೆಟಿವ್ ತುದಿಯಿಂದ ನೇರವಾಗಿ ಆ ಪಿನ್ನಿಗೆ ತಾಗಿಸಿದರು. ಎದುರಿನ ಶಟರಿನ ಮೇಲೆ ಬಿದ್ದಿದ್ದ ಎರಡು ಬೆಳಕಿನ ಕಲೆಗಳಲ್ಲಿ ಎಡಗಡೆಯದು ಹಳದಿಯಿಂದ ಬಿಳಿಗೆ ಹಾರಿ ಬಲಗಡೆಯದರ ಜೊತೆ ಸಮನಾಯಿತು. ತೆಗೆದರೆ ಮತ್ತೆ ಹಳದಿ. ನಾನು ನೋಡಲೆಂದು ಮೂರು ಬಾರಿ ಮಾಡಿ ತೋರಿಸಿದರು.

ಎರಡೇ ವೋಲ್ಟಿಗೆ ಇಷ್ಟು ವ್ಯತ್ಯಾಸವೇ ಎಂದು ನನಗೂ ಅನ್ನಿಸಿತ್ತು. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಕಡಿದಾಗಿ ಇಳಿಯುತ್ತದೆ. ವೋಲ್ಟೇಜು ಶೇಕಡಾ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30ರಷ್ಟು ಹೋಗುತ್ತದೆ. 13.3ಕ್ಕೆ ಬದಲು 11.3 ಸಿಗುತ್ತಿದ್ದ ನನ್ನ ಎಡ ದೀಪ ಶೇಕಡಾ 40ರಷ್ಟು ಬೆಳಕನ್ನು ಕಳೆದುಕೊಂಡಿತ್ತು. ಬಲ್ಬಿನೊಳಗಿನ ತಂತಿ ಸಾಕಷ್ಟು ಕಾಯದಿದ್ದಾಗ ಬಣ್ಣವೂ ಹಳದಿಗೆ ತಿರುಗುತ್ತದೆ.

ದೋಷವಿದ್ದ ಜಾಗ ಬ್ಯಾಟರಿ ಕೂರುವ ತಟ್ಟೆಯ ಕೆಳಗಿತ್ತು. ಎಡಗಡೆಯ ಹೆಡ್‌ಲೈಟ್, ಇಂಡಿಕೇಟರ್ ಎರಡರ ಅರ್ತ್ ವೈರುಗಳೂ ಕಾರಿನ ಲೋಹದ ಮೈಗೆ ಸೇರುವ ಒಂದೇ ಬೋಲ್ಟ್ ಅದು. ಇಂಡಿಕೇಟರ್ ಹೊತ್ತಿದಾಗ ಹೆಡ್‌ಲೈಟ್ ಕುಗ್ಗುತ್ತಿದ್ದುದರ ಗುಟ್ಟೂ ಅಲ್ಲಿಯೇ ಇತ್ತು: ಇಕ್ಕಟ್ಟಾದ ಒಂದೇ ದಾರಿಯಲ್ಲಿ ಇನ್ನೊಂದು ಬಲ್ಬಿನ ಕರೆಂಟೂ ನುಗ್ಗುತ್ತಿತ್ತು. 10ರ ಸ್ಪ್ಯಾನರಿನಿಂದ ಬಿಚ್ಚಿದಾಗ ತಾಮ್ರದ ಉಂಗುರದ ಸುತ್ತ ಹಸಿರು ಕಿಲುಬು, ಅದರಡಿಯ ತಗಡಿನಲ್ಲಿ ಪದರ ಪದರವಾಗಿ ಏಳುತ್ತಿದ್ದ ತುಕ್ಕು ಕಂಡವು. ಬ್ಯಾಟರಿಯಿಂದ ಸೋರಿದ ಆಸಿಡ್ಡಿಗೆ ನಮ್ಮ ಮಲೆನಾಡಿನ ಮಳೆಯೂ ಸೇರಿದರೆ ಆಗುವುದೇ ಇದು. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ತೆಗೆದರು, ಕಪ್ಪಾಗಿದ್ದ ವೈರಿನ ತುದಿಯನ್ನು ಒಂದೂವರೆ ಇಂಚಿನಷ್ಟು ಕತ್ತರಿಸಿ ಹೊಸ ಉಂಗುರವನ್ನು ಒತ್ತಿ ಕೂರಿಸಿದರು, ಬಿಗಿದ ಮೇಲೆ ವ್ಯಾಸಲೀನ್ ಸವರಿದರು. ಮತ್ತೆ ಅಳೆದಾಗ ಅರ್ತಿನಲ್ಲಿ 0.1, ಬಲ್ಬಿನ ಮೇಲೆ 13.2.

ಇಷ್ಟಕ್ಕೆ ತೆಗೆದುಕೊಂಡದ್ದು 350 ರೂಪಾಯಿ. ಬಂದದ್ದಾಯಿತಲ್ಲ, 100/90 ವ್ಯಾಟಿನ (ದೂರದ ಬೆಳಕಿಗೆ 100, ಹತ್ತಿರದ್ದಕ್ಕೆ 90) ಬಲ್ಬುಗಳನ್ನೂ ಹಾಕಿಬಿಡಿ ಎಂದಾಗ, ಅವರು ಮೂಲೆಯ ಡಬ್ಬದಿಂದ ಕರಗಿ ಸೊಟ್ಟಗಾದ ಒಂದು ಪ್ಲಾಸ್ಟಿಕ್ ಹೋಲ್ಡರನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಕಂಪನಿಯ ವೈರಿಂಗು 60/55 ವ್ಯಾಟಿಗೆ ಲೆಕ್ಕ ಹಾಕಿದ್ದೆಂದೂ, ಬೇಕೇ ಬೇಕೆಂದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಹಾಕಿ ಬ್ಯಾಟರಿಯಿಂದ ಬೇರೆ ದಪ್ಪ ವೈರು ಎಳೆಯಬೇಕಾಗುತ್ತದೆಂದೂ, ನನ್ನ ಗಾಡಿಗೆ ಅದರ ಅಗತ್ಯವಿಲ್ಲವೆಂದೂ ಹೇಳಿದರು. ಒಪ್ಪಿದ್ದರೆ ಅವರಿಗೆ ಲಾಭವಾಗುತ್ತಿತ್ತು.

ಕೊರತೆಗಳೂ ಇವೆ. ಮುಂಚಿತವಾಗಿ ಸಮಯ ಗೊತ್ತುಮಾಡಿಕೊಳ್ಳುವ ಪದ್ಧತಿಯಿಲ್ಲದ್ದರಿಂದ ಸರದಿಗಾಗಿ ಎರಡೂವರೆ ಗಂಟೆ ಕಾಯಬೇಕಾಯಿತು. ಕೂರಲು ಇರುವುದು ಹಳೆಯ ಟೈರುಗಳ ಅಟ್ಟಿ ಮಾತ್ರ. ಬಿಲ್ ಕೇಳಿದರೆ ಹರಿದ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಡುತ್ತಾರೆ, ಕಂಪನಿಯ ಗಾಡಿ ತರುವವರಿಗೆ ಇದರಿಂದ ಉಪಯೋಗವಿಲ್ಲ. ಹೆಚ್ಚು ಬೇಸರ ತರಿಸಿದ್ದು ಬೆಳಕಿನ ಎತ್ತರವನ್ನು ಹೊಂದಿಸದೆ ಕಳುಹಿಸಿದ್ದು. ಮೊದಲ ಗ್ಯಾರೇಜಿನಲ್ಲಿ ಬಲ್ಬು ಬದಲಾಯಿಸುವಾಗ ಎಡಗಡೆಯ ಬಲ್ಬಿನ ಕ್ಲಿಪ್ ಪೂರ್ತಿ ಕೂತಿರಲಿಲ್ಲವಾಗಿ ಬೆಳಕು ತುಸು ಮೇಲಕ್ಕೆ ಹೋಗುತ್ತಿತ್ತು. ಅದನ್ನು ನಾನೇ ಮನೆಯ ಗೋಡೆಯೆದುರು ಗಾಡಿ ನಿಲ್ಲಿಸಿ ಕಂಡುಕೊಂಡು ಸರಿಪಡಿಸಿದೆ. ಬಿಸಿಲಿಗೆ ಹಳದಿಯಾದ ಹೆಡ್‌ಲೈಟ್ ಗಾಜನ್ನು, ಅದು ನಿಜಕ್ಕೂ ಪ್ಲಾಸ್ಟಿಕ್ಕೇ, ಪಾಲಿಶ್ ಮಾಡುವ ಕೆಲಸವನ್ನೂ ಇಲ್ಲಿ ಮಾಡುವುದಿಲ್ಲ.

ದೀಪವೊಂದು ಮಂಕಾಗಿ ಈ ಅಂಗಡಿಗೆ ಹೋಗುವವರು, ಹೊರಡುವ ಮುನ್ನ ಎರಡೂ ಬಲ್ಬುಗಳನ್ನು ಅದಲುಬದಲು ಮಾಡಿ ನೋಡಿಕೊಳ್ಳಿ. ಮಂಕು ಬಲ್ಬಿನ ಜೊತೆಗೇ ಆ ಕಡೆಗೆ ಹೋದರೆ ಊರಿನಲ್ಲೇ ಹೊಸ ಬಲ್ಬು ಕೊಂಡರೆ ಸಾಕು, ಪ್ರಯಾಣ ಉಳಿಯುತ್ತದೆ. ಇದ್ದ ಕಡೆಯೇ ಉಳಿದರೆ ಬೆಳಿಗ್ಗೆ ಒಂಬತ್ತೂವರೆಯೊಳಗೆ ಆಟೋ ಕಾಂಪ್ಲೆಕ್ಸ್ ತಲುಪಿ. ಭಾನುವಾರ ಅಂಗಡಿ ತೆರೆಯುವುದಿಲ್ಲ.